ಎರಡನೇ ಮಗುವಿಗೂ ತಲೆಯಲ್ಲಿ ನೀರು ತುಂಬುತ್ತಾ? ಎಲ್1ಕ್ಯಾಮ್ ಜೀನ್ ಬಗ್ಗೆ ಒಬ್ಬ ತಾಯಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 27 ವರ್ಷ. ನಮ್ಮದು ಸಕಲೇಶಪುರದ ಕಡೆ. ಸೋದರಮಾವನ ಮಗನನ್ನೇ ಮದುವೆಯಾಗಿದ್ದೇನೆ. ಮೊದಲ ಮಗನಿಗೆ ಈಗ ಮೂರು ವರ್ಷ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಎಲ್ಲ ಸರಿ ಇದೆ ಎಂದಿದ್ದರು. ಎಂಟನೇ ತಿಂಗಳಲ್ಲಿ ಮಗುವಿನ ತಲೆಯಲ್ಲಿ ನೀರು ಜಾಸ್ತಿ ಇದೆ ಎಂದರು. ಹುಟ್ಟಿದ ಹನ್ನೆರಡನೇ ದಿನ ಆ ನೀರು ಹರಿದುಹೋಗಲು ಶಂಟ್ ಎಂಬ ನಳಿಕೆ ಹಾಕಿದರು. ಕಾಲು ಬಿಗಿ, ಎರಡೂ ಹೆಬ್ಬೆರಳು ಅಂಗೈಯೊಳಗೇ ಮಡಚಿಕೊಂಡಿರುತ್ತವೆ. ಇನ್ನೂ ನಡೆಯುವುದಿಲ್ಲ, 'ಅಮ್ಮ' ಬಿಟ್ಟರೆ ಮಾತಿಲ್ಲ. ಹೋದ ತಿಂಗಳು ಜೀನ್ ಟೆಸ್ಟ್ ಮಾಡಿಸಿದೆವು. 'ಎಲ್1ಕ್ಯಾಮ್' ಎಂಬ ಜೀನಿನಲ್ಲಿ ತಪ್ಪಿದೆ, ಅದು 'ಪ್ಯಾಥೋಜೆನಿಕ್', ಅಂದರೆ ಕಾಯಿಲೆ ತರುವಂಥದ್ದು, ತಾಯಿಯನ್ನೂ ಟೆಸ್ಟ್ ಮಾಡಿ ಎಂದು ಬಂದಿದೆ. ನನ್ನ ಬೆನ್ನಿಗೆ ಹುಟ್ಟಿದ ತಮ್ಮನಿಗೂ ತಲೆ ದೊಡ್ಡದಿತ್ತು, ನಾಲ್ಕು ತಿಂಗಳಿಗೇ ಹೋಗಿಬಿಟ್ಟ ಎಂದು ಅಮ್ಮ ಈಗ ಹೇಳುತ್ತಾರೆ. ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಹೀಗಾಯ್ತು ಅಂತ ಅತ್ತೆ, ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಅಂತ ಊರವರು. ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಅಂತ ತೋರಿಸುತ್ತದೆ. ಇನ್ನೊಂದು ಮಗು ಬೇಕು, ಆದರೆ ಭಯ. ತಂಗಿಗೆ ಗಂಡು ನೋಡುತ್ತಿದ್ದೇವೆ. ಗಂಡನ ತಂಗಿ ಈಗ ಮೂರು ತಿಂಗಳ ಬಸುರಿ. ಅವರಿಗೂ ಹೀಗಾಗುತ್ತಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕೈದು ಭಯಗಳು ಒಂದಕ್ಕೊಂದು ಸಿಕ್ಕುಹಾಕಿಕೊಂಡಿವೆ. ಬಿಡಿಸಿ ನೋಡಿದರೆ ಕೆಲವು ಪೂರ್ತಿ ಹೋಗಿಬಿಡುತ್ತವೆ. ಒಂದೆರಡು ಉಳಿಯುತ್ತವೆ, ಅವಕ್ಕೆ ದಾರಿ ಇದೆ. ಎಲ್ಲಕ್ಕಿಂತ ಬೇಗ ಉತ್ತರ ಬೇಕಾಗಿರುವುದು ನಿಮ್ಮ ನಾದಿನಿಗೆ, ಯಾಕೆಂದರೆ ಆಕೆ ಈಗ ಬಸುರಿ. ನೀವು ಬರೆದಿರುವ ಸಂಬಂಧ ಸರಿ ಇದ್ದರೆ ಆಕೆಗೆ ಈ ಟೆಸ್ಟ್ ಬೇಕಿಲ್ಲ. ಕಾರಣ ಮುಂದೆ ಹೇಳುತ್ತೇನೆ. ಫೋನ್ ಮಾತ್ರ ಇವತ್ತೇ ಮಾಡಿ.

ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಹೆಬ್ಬೆರಳಿನ ಮೇಲೆ. ಮಗುವಿನ ತಲೆಯಲ್ಲಿ ನೀರು ತುಂಬಲು, ಅಂದರೆ ಹೈಡ್ರೊಕೆಫಲಸ್ ಆಗಲು, ಎಷ್ಟೋ ಕಾರಣಗಳಿವೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಮೆದುಳಿನಲ್ಲಿ ರಕ್ತಸ್ರಾವ ಆಗಿರಬಹುದು. ಹೊಟ್ಟೆಯಲ್ಲಿದ್ದಾಗಲೇ ಸೋಂಕು ತಗುಲಿರಬಹುದು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿಲ್ಲದಿರಬಹುದು. ಆದರೆ ಗಂಡು ಮಗು, ತಲೆಯಲ್ಲಿ ನೀರು, ಬಿಗಿಯಾದ ಕಾಲು, ಒಳಗೆ ಮಡಚಿದ ಹೆಬ್ಬೆರಳು, ಈ ನಾಲ್ಕೂ ಒಟ್ಟಿಗೆ ಕಂಡರೆ ವೈದ್ಯರಿಗೆ ಮೊದಲು ನೆನಪಾಗಬೇಕಾದದ್ದು ಈ ಜೀನ್. ಹಸುಗೂಸುಗಳೆಲ್ಲ ಮುಷ್ಟಿ ಕಟ್ಟುತ್ತವೆ, ಅದು ಸಹಜ. ಇಲ್ಲಿ ವಿಷಯವೇ ಬೇರೆ. ಹೆಬ್ಬೆರಳನ್ನು ಹೊರಗೆ ಎಳೆಯುವ ಸ್ನಾಯುವೇ ಸರಿಯಾಗಿ ಬೆಳೆದಿರುವುದಿಲ್ಲ. ಮಗು ಬೆಳೆದರೂ ಬೆರಳು ತಾನಾಗಿ ಬಿಚ್ಚುವುದಿಲ್ಲ. ಈ ಕಾಯಿಲೆ ಇರುವ ಎಲ್ಲ ಮಕ್ಕಳಿಗೂ ಹೀಗಿರುವುದಿಲ್ಲ, ಆದರೆ ಇದ್ದರೆ ಅದು ದೊಡ್ಡ ಸುಳಿವು.

ಕೆಲವು ವರ್ಷಗಳ ಹಿಂದೆ ಇಂಥದೇ ಮಗುವನ್ನು ಎತ್ತಿಕೊಂಡು ಒಂದು ಕುಟುಂಬ ಬಂದಿತ್ತು. ಜೊತೆಗೆ ತಾಯಿಯ ತಾಯಿ. ವಂಶವೃಕ್ಷ ಬರೆದುಕೊಳ್ಳುತ್ತಾ "ನಿಮಗೆ ಎಷ್ಟು ಮಕ್ಕಳಮ್ಮ?" ಎಂದೆ. "ಮೂರು" ಎಂದರು. "ಹುಟ್ಟಿ ಹೋದದ್ದೂ ಸೇರಿಸಿ ಹೇಳಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರೆ ಐದು. ಎರಡು ಗಂಡು ಹೋದವು." ಆ ಮಕ್ಕಳ ಕೈ ಹೇಗಿತ್ತು ಎಂದು ಕೇಳಿದೆ. ಆಕೆ ಮಾತಾಡಲಿಲ್ಲ. ಬಲಗೈ ಎತ್ತಿ, ಹೆಬ್ಬೆರಳನ್ನು ಒಳಗೆ ಮಡಚಿ, ಮೇಲೆ ನಾಲ್ಕು ಬೆರಳು ಮುಚ್ಚಿ ತೋರಿಸಿದರು. ಅಷ್ಟು ವರ್ಷ ಆ ಕೈಯನ್ನು ನೆನಪಿಟ್ಟುಕೊಂಡಿದ್ದರು, ಯಾರೂ ಕೇಳಿರಲಿಲ್ಲ ಅಷ್ಟೇ. ನಿಮ್ಮ ಅಮ್ಮನನ್ನೂ ಕೇಳಿ. ತಮ್ಮನ ಹೆಬ್ಬೆರಳು ಹೇಗಿತ್ತು ಅಂತ.

ಈಗ ಈ ಜೀನ್ ಮಾಡುವ ಕೆಲಸಕ್ಕೆ ಬರೋಣ. ನಿಮ್ಮ ಕಡೆ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದನ್ನು ನೋಡಿದ್ದೀರಿ. ಬಳ್ಳಿಯ ಗಿಣ್ಣಿನಿಂದ ಸಣ್ಣ ಬೇರು ಹೊರಟು ತೊಗಟೆಯನ್ನು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಮೇಲೆ ಹತ್ತುತ್ತದೆ. ಕಚ್ಚಿಕೊಳ್ಳದಿದ್ದರೆ ಜೋತು ಬೀಳುತ್ತದೆ, ದಾರ ಕಟ್ಟಬೇಕಾಗುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಮೆದುಳಿನಲ್ಲೂ ನರದ ಎಳೆಗಳು ಹೀಗೇ ಬೆಳೆಯುತ್ತವೆ. ಎಳೆಯ ತುದಿ ಮುಂದಿನ ಜೀವಕೋಶವನ್ನು ಮುಟ್ಟಿ, ಹಿಡಿದು, ಮುಂದಕ್ಕೆ ಹೋಗುತ್ತದೆ. ಹಿಡಿಯಲು ಅದಕ್ಕೆ ಬೇಕಾದ ಪ್ರೋಟೀನುಗಳಲ್ಲಿ ಎಲ್1 ಮುಖ್ಯವಾದದ್ದು. ಅದರ ಹೆಚ್ಚಿನ ಭಾಗ ಜೀವಕೋಶದ ಹೊರಗೆ ಚಾಚಿರುತ್ತದೆ, ಗಿಡ್ಡ ಬಾಲ ಒಳಗಿರುತ್ತದೆ. ಒಂದು ಎಳೆಯ ಎಲ್1 ಪಕ್ಕದ ಎಳೆಯ ಎಲ್1 ಅನ್ನೇ ಹಿಡಿದುಕೊಳ್ಳಬಲ್ಲದು. ಒಳಗಿನ ಬಾಲ ಆ ಹಿಡಿತವನ್ನು ಜೀವಕೋಶದ ಹಂದರಕ್ಕೆ ಬಿಗಿಯುತ್ತದೆ.

ಈ ಪ್ರೋಟೀನ್ 1,257 ಅಮೈನೋ ಆಮ್ಲಗಳ ಉದ್ದನೆಯ ಸರ. ಅದನ್ನು ಪೋಣಿಸುವ ವಿಧಾನ ಎಲ್1ಕ್ಯಾಮ್ ಜೀನಿನಲ್ಲಿ ಬರೆದಿದೆ. ಕೆಲವು ಮನೆತನಗಳಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತದೆ, ಅಷ್ಟರಿಂದಲೇ ಹಿಡಿತ ಸಡಿಲವಾಗುತ್ತದೆ. ಇನ್ನು ಕೆಲವರಲ್ಲಿ ಸರ ಅರ್ಧಕ್ಕೇ ತುಂಡಾಗುತ್ತದೆ. ಆಗ ಕಾಯಿಲೆ ಸಾಮಾನ್ಯವಾಗಿ ಜಾಸ್ತಿ ಜೋರಾಗಿರುತ್ತದೆ. ತಪ್ಪು ಹೆಚ್ಚುಕಡಿಮೆ ಒಂದೊಂದು ಮನೆತನಕ್ಕೆ ಒಂದೊಂದು. ಅದಕ್ಕೇ ನಿಮ್ಮ ಮಗನ ರಿಪೋರ್ಟ್ ನಿಮ್ಮ ಇಡೀ ಕುಟುಂಬಕ್ಕೆ ಬೀಗದ ಕೈ ಇದ್ದಂತೆ. ಜೋಪಾನವಾಗಿಡಿ.

ಎಲ್1 ಇಲ್ಲದಿದ್ದರೆ ಹೆಚ್ಚು ಪೆಟ್ಟು ಬೀಳುವುದು ದೂರ ಪ್ರಯಾಣ ಮಾಡುವ ಎಳೆಗಳಿಗೆ. ಮೆದುಳಿನಿಂದ ಹೊರಟು ಬೆನ್ನುಹುರಿಯಲ್ಲಿ ಇಳಿದು ಕಾಲನ್ನು ಆಡಿಸುವ ಎಳೆಗಳು ಸರಿಯಾಗಿ ಕಟ್ಟಿಕೊಳ್ಳುವುದಿಲ್ಲ. ಕಾಲು ಬಿಗಿಯಾಗುವುದು ಅದರಿಂದ. ಮೆದುಳಿನ ಎಡ ಬಲ ಭಾಗಗಳನ್ನು ಸೇರಿಸುವ ದಪ್ಪ ಸೇತುವೆ ತೆಳ್ಳಗಿರುತ್ತದೆ ಅಥವಾ ಇರುವುದೇ ಇಲ್ಲ. ಮಾತು, ಕಲಿಕೆ ನಿಧಾನವಾಗುವುದರಲ್ಲಿ ಇವೆಲ್ಲ ಸೇರಿದೆ. ನೀರಿನ ವಿಷಯ ಇನ್ನೂ ಪೂರ್ತಿ ಬಿಡಿಸಿಲ್ಲದ ಗಂಟು. ಬಿಕರ್ಸ್ ಮತ್ತು ಆಡಮ್ಸ್ ಎಂಬ ವೈದ್ಯರು ಒಂದೇ ಕುಟುಂಬದ ಗಂಡುಮಕ್ಕಳಲ್ಲಿ ಇದನ್ನು ಕಂಡು 1949ರಲ್ಲಿ ಬರೆದಾಗ, ಮೆದುಳಿನೊಳಗಿನ ಕಿರುನಾಲೆ ಕಟ್ಟಿಕೊಂಡದ್ದೇ ಕಾರಣ ಎಂದುಕೊಂಡಿದ್ದರು. ಆಮೇಲೆ ನೋಡಿದರೆ ಎಷ್ಟೋ ಮಕ್ಕಳಲ್ಲಿ ಆ ನಾಲೆ ತೆರೆದೇ ಇರುತ್ತದೆ. ಮೆದುಳು ಕಟ್ಟಿಕೊಳ್ಳುವಾಗಲೇ ಆದ ಎಡವಟ್ಟಿನ ಒಂದು ಭಾಗ ಈ ನೀರು. ಇದರ ಹಿಂದೆ ಎಲ್1ಕ್ಯಾಮ್ ಇದೆ ಎಂದು ಗೊತ್ತಾದದ್ದು 1992ರಲ್ಲಿ. ಹುಟ್ಟುವ ಸುಮಾರು 30,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ.

ಈಗ ಜನ ಹೇಳಿದ ಮಾತುಗಳು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ತಪ್ಪು ನೀವು ಬಸುರಿಯಾದ ಮೊದಲ ಕ್ಷಣದಿಂದಲೇ ಮಗುವಿನಲ್ಲಿತ್ತು. ನೀವು ಅಂಗಳಕ್ಕೆ ಬಂದ ದಿನ ಅದು ಹೊಸದಾಗಿ ಸೇರಿಕೊಂಡದ್ದಲ್ಲ. ಅತ್ತೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮೊಮ್ಮಗನಿಗೆ ಯಾಕೆ ಹೀಗಾಯ್ತು ಎಂಬ ಸಂಕಟ ಅವರಿಗೂ ಇದೆ, ಕೈಗೆ ಸಿಕ್ಕ ಕಾರಣ ಹಿಡಿದುಕೊಂಡಿದ್ದಾರೆ. ಸಾಧ್ಯವಾದರೆ ಮುಂದಿನ ಸಲ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ. ವೈದ್ಯರ ಬಾಯಿಂದ ಕೇಳಿದರೆ ಮನೆಯೊಳಗಿನ ಗಾಳಿ ಬದಲಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಸಂಬಂಧದೊಳಗಿನ ಮದುವೆಯಿಂದ ಕೆಲವು ಕಾಯಿಲೆಗಳ ಅಪಾಯ ಹೆಚ್ಚುವುದು ನಿಜ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಅಡಗಿದ ತಪ್ಪು ಇದ್ದು, ಮಗುವಿಗೆ ಎರಡೂ ಕಡೆಯಿಂದ ಬಂದಾಗ ಆಗುವ ಕಾಯಿಲೆಗಳು ಅವು. ಇದು ಆ ಜಾತಿಯದಲ್ಲ. ಎಲ್1ಕ್ಯಾಮ್ ಇರುವುದು ಎಕ್ಸ್ ಕ್ರೋಮೋಸೋಮಿನ ತುದಿಯಲ್ಲಿ. ಗಂಡು ಮಗುವಿಗೆ ಇರುವ ಒಂದೇ ಎಕ್ಸ್ ತಾಯಿಯಿಂದ ಬರುತ್ತದೆ, ತಂದೆಯಿಂದ ಬರುವುದು ವೈ, ಎಕ್ಸ್ ಅಲ್ಲ. ನೀವು ಯಾವ ಊರಿನ ಯಾರನ್ನೇ ಮದುವೆಯಾಗಿದ್ದರೂ ಈ ಮಗನ ವಿಷಯದಲ್ಲಿ ಲೆಕ್ಕ ಇಷ್ಟೇ ಇರುತ್ತಿತ್ತು.

ಹಾಗಾದರೆ ನನ್ನಿಂದಲೇ ಬಂತಲ್ವಾ ಎಂದು ನೀವು ಕೇಳಬಹುದು. ಬಂದದ್ದು ನಿಮ್ಮ ಮೂಲಕ, ನಿಮ್ಮ ತಪ್ಪಿನಿಂದಲ್ಲ. ನಮ್ಮಲ್ಲಿ ಪ್ರತಿಯೊಬ್ಬರ ಜೀನುಗಳಲ್ಲೂ ಒಂದಿಷ್ಟು ತಪ್ಪುಗಳಿರುತ್ತವೆ. ನನ್ನಲ್ಲೂ ಇವೆ, ನಿಮ್ಮ ಮೇಲೆ ಬೆರಳು ತೋರಿಸುವವರಲ್ಲೂ ಇವೆ. ನಿಮಗೆ ಎರಡು ಎಕ್ಸ್ ಇವೆ. ಒಂದರಲ್ಲಿ ತಪ್ಪಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ, ಹಾಗಾಗಿ ನೀವು ಆರೋಗ್ಯವಾಗಿದ್ದೀರಿ. ಇಂಥ ಹೆಣ್ಣುಮಕ್ಕಳನ್ನು 'ಕ್ಯಾರಿಯರ್' ಎನ್ನುತ್ತೇವೆ. ಅವರಲ್ಲಿ ನೂರಕ್ಕೆ ಐದರಷ್ಟು ಜನರಿಗೆ ಸಣ್ಣಪುಟ್ಟ ಲಕ್ಷಣ ಕಾಣಬಹುದು. ತೀವ್ರವಾಗುವುದು ತೀರಾ ಅಪರೂಪ.

ಕ್ಯಾನ್ಸರ್ ವಿಷಯ ಬೇಗ ಮುಗಿಸುತ್ತೇನೆ. ಗರ್ಭಕೋಶ, ಅಂಡಾಶಯದ ಕೆಲವು ಗೆಡ್ಡೆಗಳು ಎಲ್1 ಪ್ರೋಟೀನನ್ನು ಅತಿಯಾಗಿ ತಯಾರಿಸುತ್ತವೆ, ಅಂಥವು ಬೇಗ ಹರಡುತ್ತವೆ. ಅದಕ್ಕೇ ಕ್ಯಾನ್ಸರ್ ಸಂಶೋಧಕರು ಅದರ ಬಗ್ಗೆ ಜಾಸ್ತಿ ಬರೆಯುತ್ತಾರೆ. ಅದು ಗೆಡ್ಡೆಯೊಳಗಿನ ಕಥೆ. ನಿಮ್ಮ ಮಗನಲ್ಲಿರುವ ತಪ್ಪಿನಿಂದ ಅವನಿಗಾಗಲಿ ನಿಮಗಾಗಲಿ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಆ ಪುಟಗಳನ್ನು ಮುಚ್ಚಿಬಿಡಿ.

ನಾದಿನಿಯ ಮಾತಿಗೆ ಬರುತ್ತೇನೆ. ಆಕೆಯ ತಂದೆ ನಿಮ್ಮ ಸೋದರಮಾವ. ಗಂಡಸಿಗೆ ಇರುವುದು ಒಂದೇ ಎಕ್ಸ್. ಅದರಲ್ಲಿ ಈ ತಪ್ಪು ಇದ್ದಿದ್ದರೆ ಅವರಿಗೇ ಕಾಯಿಲೆ ಇರುತ್ತಿತ್ತು. ಅವರು ಗಟ್ಟಿಮುಟ್ಟಾಗಿದ್ದಾರೆ ಎಂದರೆ ಅವರಲ್ಲಿ ತಪ್ಪಿಲ್ಲ, ಮಗಳಿಗೆ ಕೊಡಲು ಸಾಧ್ಯವೂ ಇಲ್ಲ. ನಿಮ್ಮ ಅತ್ತೆ ಬೇರೆ ಮನೆತನದವರು. ಹಾಗಾಗಿ ನಾದಿನಿಯ ಮಗುವಿಗೆ ಈ ಕಾರಣದಿಂದ ಅಪಾಯವಿಲ್ಲ. ಒಂದೇ ಷರತ್ತು: ಅತ್ತೆಯವರೂ ನಿಮ್ಮ ತಾಯಿಯ ಕಡೆಯ ಹೆಣ್ಣು ಸಂಬಂಧದಿಂದಲೇ ಬಂದವರಾದರೆ, ಉದಾಹರಣೆಗೆ ಅಜ್ಜಿಯ ತಂಗಿಯ ಮಗಳಾದರೆ, ಆಗ ಮತ್ತೆ ಕೂತು ಲೆಕ್ಕ ಹಾಕಬೇಕು. ನಮ್ಮ ಕಡೆ ಇಂಥ ಮದುವೆಗಳು ಇವೆ, ಅದಕ್ಕೇ ಹೇಳಿದೆ.

ತಂಗಿಯ ವಿಷಯ ಹಾಗಲ್ಲ. ನಿಮ್ಮ ತಮ್ಮನಿಗೂ ಇದೇ ಇದ್ದು, ನಿಮ್ಮಲ್ಲೂ ಈ ತಪ್ಪು ಸಿಕ್ಕರೆ, ನಿಮ್ಮ ಅಮ್ಮ ಕ್ಯಾರಿಯರ್. ಆಗ ತಂಗಿಯೂ ಕ್ಯಾರಿಯರ್ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ಅಮ್ಮನ ಅಕ್ಕತಂಗಿಯರು, ಅವರ ಹೆಣ್ಣುಮಕ್ಕಳಿಗೂ ವಿಷಯ ತಿಳಿದಿರಬೇಕು. ಮದುವೆ ಮಾತುಕತೆ ನಡೆಯುವಾಗ ಇದನ್ನು ಎತ್ತಿದರೆ ಸಂಬಂಧ ತಪ್ಪಿಹೋಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಮುಚ್ಚಿಡುತ್ತಾರೆ. ಆಮೇಲೆ ಆ ಹುಡುಗಿ ನನ್ನ ಎದುರು ಕೂತು, "ಅಕ್ಕನಿಗೆ ಗೊತ್ತಿತ್ತು, ನನಗೆ ಹೇಳಲಿಲ್ಲ" ಎಂದು ಅತ್ತದ್ದನ್ನು ನೋಡಿದ್ದೇನೆ. ತಂಗಿಗೆ ನೀವೇ ಹೇಳಿ, ಬೇರೆಯವರಿಂದ ಗೊತ್ತಾಗುವುದು ಬೇಡ. ಟೆಸ್ಟ್ ಯಾವಾಗ ಮಾಡಿಸಬೇಕು, ರಿಪೋರ್ಟ್ ಯಾರಿಗೆ ತೋರಿಸಬೇಕು ಎನ್ನುವುದು ಆಕೆಯ ತೀರ್ಮಾನ. ನಾನು ಕೊಡುವ ಸಲಹೆ, ಬಸುರಿಯಾಗುವ ಮೊದಲು ಮಾಡಿಸಲಿ.

ನಿಮ್ಮ ಎರಡನೇ ಮಗು. ಮೊದಲ ಹೆಜ್ಜೆ ನಿಮ್ಮ ರಕ್ತಪರೀಕ್ಷೆ. ಮಗನಲ್ಲಿ ಸಿಕ್ಕ ಅದೇ ಜಾಗ ಒಂದನ್ನೇ ನೋಡಿದರೆ ಸಾಕು. ದೊಡ್ಡ ಟೆಸ್ಟಿನಷ್ಟು ಖರ್ಚಾಗುವುದಿಲ್ಲ. ಯಾರಾದರೂ ಮತ್ತೆ ಎಲ್ಲ ಜೀನುಗಳ ಟೆಸ್ಟ್ ಮಾಡಿಸಿ ಎಂದರೆ ಯಾಕೆ ಎಂದು ಕೇಳಿ. ನಿಮ್ಮಲ್ಲಿ ತಪ್ಪು ಇದೆ ಎಂದಾದರೆ, ಹುಟ್ಟುವ ಪ್ರತಿ ಗಂಡು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧ. ಪ್ರತಿ ಹೆಣ್ಣು ಮಗು ನಿಮ್ಮಂತೆ ಕ್ಯಾರಿಯರ್ ಆಗುವ ಸಾಧ್ಯತೆ ಅರ್ಧ. ಒಟ್ಟಾರೆ ಒಂದೊಂದು ಬಸಿರಿಗೆ ನಾಲ್ಕರಲ್ಲಿ ಒಂದು ಪಾಲು ಅಪಾಯ. "ಮೊದಲನೆಯದು ಹೀಗಾಯ್ತು, ಇನ್ನು ಎರಡನೆಯದು ಸರಿ ಹೋಗುತ್ತೆ" ಎಂದು ಸಮಾಧಾನ ಹೇಳುವವರು ಇರುತ್ತಾರೆ. ಚೌಕಾಬಾರ ಆಡುವಾಗ ಕವಡೆಗೆ ಹಿಂದಿನ ಗರ ನೆನಪಿರುತ್ತದೆಯೇ? ಪ್ರತಿ ಸಲ ಹೊಸದಾಗಿ ಬೀಳುತ್ತದೆ. ಇದೂ ಹಾಗೇ.

ಸ್ಕ್ಯಾನ್ ಒಂದನ್ನೇ ನಂಬಿ ಕೂರಬೇಡಿ. ನಿಮ್ಮ ಮೊದಲ ಬಸಿರೇ ಇದಕ್ಕೆ ಸಾಕ್ಷಿ. ಮೆದುಳಿನೊಳಗಿನ ನೀರಿನ ಕೋಣೆಯ ಅಗಲ ಹತ್ತು ಮಿಲಿಮೀಟರ್ ಮುಟ್ಟಿದರೆ ಜಾಸ್ತಿ ಎನ್ನುತ್ತೇವೆ. ಈ ಕಾಯಿಲೆಯಲ್ಲಿ 20 ವಾರದವರೆಗೂ ಅದು ಸರಿಯಾಗಿಯೇ ಕಂಡು, ಆಮೇಲೆ ಹಿಗ್ಗಬಹುದು. ಐದನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿದವರು ತಪ್ಪು ಹೇಳಿದರು ಎಂದು ನಾನು ಅಂದುಕೊಳ್ಳುವುದಿಲ್ಲ. ಆಗ ಕಾಣುವಂಥದ್ದು ಏನೂ ಇರಲಿಲ್ಲವೇನೋ.

ನಂಬಬಹುದಾದ ದಾರಿ ಜೀನ್ ಪರೀಕ್ಷೆ. ಬಸಿರಿನ 11ರಿಂದ 14 ವಾರದೊಳಗೆ ಮಾಸಿನ ಸಣ್ಣ ಚೂರು ತೆಗೆದು ನೋಡಬಹುದು, ಇದಕ್ಕೆ ಸಿವಿಎಸ್ ಎನ್ನುತ್ತಾರೆ. ಅಥವಾ 15 ವಾರ ದಾಟಿದ ಮೇಲೆ ಗರ್ಭದ ನೀರು ತೆಗೆಯಬಹುದು. ಎರಡರಲ್ಲೂ ಗರ್ಭಪಾತದ ಅಪಾಯ ಸ್ವಲ್ಪ ಇದೆ. ನುರಿತ ಕೈಯಲ್ಲಿ 200ರಲ್ಲಿ ಒಂದಕ್ಕಿಂತ ಕಡಿಮೆ. ನಾಲ್ಕರಲ್ಲಿ ಒಂದು ಎಂಬ ಅಪಾಯದ ಪಕ್ಕ ಇದನ್ನಿಟ್ಟು ನೋಡಿ, ಆಮೇಲೆ ನಿರ್ಧರಿಸಿ. ಸಿವಿಎಸ್‌ನ ಲಾಭ ಸಮಯ. ಉತ್ತರ ಬೇಗ ಸಿಗುತ್ತದೆ, ಯೋಚಿಸಲು ದಿನ ಇರುತ್ತವೆ. ಆದರೆ ನಿಮ್ಮ ರಿಪೋರ್ಟ್ ಮೊದಲೇ ಕೈಯಲ್ಲಿರಬೇಕು. ಹನ್ನೆರಡನೇ ವಾರದಲ್ಲಿ ಓಡಿ ಬಂದು "ಈಗ ಮಾಡಿ" ಎಂದರೆ ಎಲ್ಲರಿಗೂ ಗಡಿಬಿಡಿ.

ಕಾನೂನಿನ ಬಗ್ಗೆ ಹೆದರಿ ಎಷ್ಟೋ ಜನ ಬರುವುದೇ ಇಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಮಗು ಗಂಡೋ ಹೆಣ್ಣೋ ಎಂದು ಹೇಳುವುದು ಅಪರಾಧ. ಆದರೆ 1994ರ ಅದೇ ಕಾಯ್ದೆ ಇಂಥ ವಂಶವಾಹಿ ಕಾಯಿಲೆ ಪತ್ತೆ ಮಾಡಲು ನೋಂದಣಿಯಾದ ಕೇಂದ್ರಗಳಲ್ಲಿ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಇರಬೇಕು, ಅದರ ಪ್ರತಿ ನಿಮಗೆ ಕೊಡಬೇಕು. ಮಗುವಿಗೆ ಕಾಯಿಲೆ ಇದೆಯೋ ಇಲ್ಲವೋ ಎಂಬುದಷ್ಟೇ ನೀವು ಕೇಳಬೇಕಾದ ಉತ್ತರ. ಕಾಯಿಲೆ ಇದೆ ಎಂದು ಬಂದು, ನೀವು ಗರ್ಭ ಮುಂದುವರಿಸುವುದು ಬೇಡ ಎಂದುಕೊಂಡರೆ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ನಂತರ ಇಂಥ ಕಾರಣಗಳಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಸಾಧ್ಯ. ಅದರಾಚೆಗೆ ಮೆಡಿಕಲ್ ಬೋರ್ಡ್ ಒಪ್ಪಬೇಕು. ಮುಂದುವರಿಸುತ್ತೇನೆ ಎನ್ನುವುದೂ ನಿಮ್ಮದೇ ನಿರ್ಧಾರ. ಆಗ ಹೆರಿಗೆಯನ್ನು ನ್ಯೂರೋಸರ್ಜನ್ ಇರುವ ದೊಡ್ಡ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಿ. ತಲೆ ದೊಡ್ಡದಿದ್ದರೆ ಸಿಸೇರಿಯನ್ ಬೇಕಾಗಬಹುದು.

ಗರ್ಭಪಾತದ ಪ್ರಶ್ನೆಯೇ ಬೇಡ ಎನ್ನುವವರಿಗೆ ಐವಿಎಫ್, ಅಂದರೆ ದೇಹದ ಹೊರಗೆ ಭ್ರೂಣ ಬೆಳೆಸುವ ದಾರಿ ಇದೆ. ಐದನೇ ದಿನದ ಭ್ರೂಣಗಳಿಂದ ಕೆಲವು ಜೀವಕೋಶ ತೆಗೆದು ನೋಡಿ, ಕಾಯಿಲೆ ಇಲ್ಲದ ಭ್ರೂಣವನ್ನು ಗರ್ಭದಲ್ಲಿ ಇಡುತ್ತಾರೆ. ಖರ್ಚು ಲಕ್ಷಗಳಲ್ಲಿ. ಚುಚ್ಚುಮದ್ದು, ಓಡಾಟ, ಮೊದಲ ಸಲಕ್ಕೇ ಬಸಿರು ನಿಲ್ಲದಿರುವ ನೋವು, ಎಲ್ಲ ಸೇರಿದೆ. ಸಾಲ ಮಾಡಿ ಇದಕ್ಕೆ ಇಳಿಯುವ ಮೊದಲು ಗಂಡ ಹೆಂಡತಿ ಚೆನ್ನಾಗಿ ಮಾತಾಡಿಕೊಳ್ಳಿ. ದತ್ತು ತೆಗೆದುಕೊಂಡವರೂ, ಇರುವ ಒಬ್ಬ ಮಗನೇ ಸಾಕು ಎಂದವರೂ ನನ್ನ ಬಳಿ ಬಂದವರಲ್ಲಿದ್ದಾರೆ. ಫೋಲಿಕ್ ಆ್ಯಸಿಡ್ ಮಾತ್ರೆ ತಪ್ಪದೆ ತೆಗೆದುಕೊಳ್ಳಿ. ಅದು ಬೆನ್ನುಹುರಿಯ ದೋಷ ತಡೆಯುತ್ತದೆ, ಈ ಜೀನಿನ ತಪ್ಪನ್ನು ಸರಿಮಾಡುವುದಿಲ್ಲ.

ಇದೆಲ್ಲ ಕೂತು ಮಾತಾಡಲು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗ ಇದೆ. ಹೋಗುವಾಗ ಮಗನ ಜೀನ್ ರಿಪೋರ್ಟ್, ಎಂಆರ್‌ಐ ಫಿಲಂ, ಎಲ್ಲ ಸ್ಕ್ಯಾನುಗಳು, ಜೊತೆಗೆ ನಿಮ್ಮ ಅಮ್ಮ ಇರಲಿ.

ಈಗಿರುವ ಮಗನ ಬಗ್ಗೆ ನೀವು ಏನೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ಶಂಟ್ ತಲೆಯೊಳಗಿನ ಒತ್ತಡ ಇಳಿಸುತ್ತದೆ, ಅದು ಬೇಕೇ ಬೇಕು. ಎಳೆಗಳು ಕಟ್ಟಿಕೊಳ್ಳದೆ ಉಳಿದದ್ದನ್ನು ಅದು ಕಟ್ಟಲಾರದು. "ಇನ್ನೊಂದು ಆಪರೇಷನ್ ಮಾಡಿಸಿದರೆ ಮಾತು ಬರುತ್ತೆ" ಎಂದು ಯಾರಾದರೂ ಹೇಳಿದರೆ ಸುಮ್ನೆ ದುಡ್ಡು ಹಾಕಬೇಡಿ. ಆದರೆ ಇದು ವರ್ಷದಿಂದ ವರ್ಷಕ್ಕೆ ಮೆದುಳನ್ನು ತಿನ್ನುವ ಕಾಯಿಲೆ ಅಲ್ಲ. ಅವನು ನಿಧಾನವಾಗಿ ಕಲಿಯುತ್ತಾನೆ. 'ಅಮ್ಮ' ಎಂದಿದ್ದಾನಲ್ಲ. ಫಿಸಿಯೋಥೆರಪಿ, ಮಾತಿನ ತರಬೇತಿ ಬಿಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಂಬ ಮಕ್ಕಳ ವಿಭಾಗ ಕೇಳಿ, ಅಲ್ಲಿ ಇವು ಉಚಿತ. ಹೆಬ್ಬೆರಳಿಗೆ ಚಿಕ್ಕ ಪಟ್ಟಿ ಹಾಕಿದರೆ ಚಮಚ ಹಿಡಿಯಲು ಅನುಕೂಲ. ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿ. ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ವಿಮೆಗೆ ಅವನು ಸೇರಬಹುದೇ ಎಂದು ಅಲ್ಲೇ ವಿಚಾರಿಸಿ.

ಹುಟ್ಟಿದಾಗಿನಿಂದ ಅವನಿಗೆ ಮಲಬದ್ಧತೆ ಇದೆಯೇ, ಹೊಟ್ಟೆ ಉಬ್ಬುತ್ತದೆಯೇ? ಇದೇ ಜೀನಿನ ತಪ್ಪಿರುವ ಕೆಲವು ಮಕ್ಕಳಲ್ಲಿ ದೊಡ್ಡ ಕರುಳಿನ ತುದಿಗೆ ನರಗಳು ತಲುಪಿರುವುದಿಲ್ಲ. ಇದ್ದರೆ ಮಕ್ಕಳ ಸರ್ಜನ್‌ಗೆ ತೋರಿಸಬೇಕು. ಇನ್ನು ಶಂಟ್ ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು. ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ, ಕಣ್ಣುಗುಡ್ಡೆ ಕೆಳಗೆ ಇಳಿದಂತೆ ಕಂಡರೆ, ಶಂಟ್ ಹಾದುಹೋಗುವ ಜಾಗ ಕೆಂಪಾಗಿ ಜ್ವರ ಬಂದರೆ, ಶಂಟ್ ಹಾಕಿದ ಆಸ್ಪತ್ರೆಗೆ ಆಗಲೇ ಹೊರಡಿ. ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯಬೇಡಿ.